ಬೀಡಿ ಸೇದದವನ ಸರ್ಟಿಫಿಕೇಟು

"ಎಳಿಯೋ ಬೋಳಿಮಗನೇ! ಊದಬೇಡ ಅಂದೆ, ಎಳಿ ಅಂದೆ. ಹೆಂಗಸರು ಒಲೆ ಊದ್ದಂಗೆ ಊದ್ತಾನೆ ನೋಡು!"

ಮೇಸ್ತ್ರಿಯ ಕೈ ನಿಂತಪ್ಪನ ಹಿಂದಲೆಗೆ ಬಿತ್ತು. ಬಾಯಲ್ಲಿದ್ದ ಪ್ಲಾಸ್ಟಿಕ್ ಕೊಳವೆ ಒಸಡಿಗೆ ಚುಚ್ಚಿ ರಕ್ತ ಬಂತು. ಕೊಳವೆಯ ಇನ್ನೊಂದು ತುದಿಗೆ ಮಕ್ಕಳ ಆಟಿಕೆಯಂಥ ಒಂದು ಡಬ್ಬಿ, ಅದರ ಮೂರು ಗೂಡುಗಳಲ್ಲಿ ಮೂರು ಬಣ್ಣದ ಗುಂಡುಗಳು. ಉಸಿರನ್ನು ಒಳಗೆ ಎಳೆದರೆ ಗುಂಡು ಮೇಲೇಳಬೇಕು. ಮೂರೂ ಎದ್ದರೆ ಕೆಲಸಕ್ಕೆ ಲಾಯಕ್ಕು, ಎರಡೆದ್ದರೆ ನೋಡೋಣ, ಒಂದೇ ಆದರೆ ಮನೆಗೆ. ನಿಂತಪ್ಪ ರಕ್ತ ನುಂಗಿಕೊಂಡು ಎಳೆದ. ಒಂದು ಗುಂಡು ಅರ್ಧದವರೆಗೆ ಬಂದು, ಯಾಕೋ ಮನಸ್ಸು ಬದಲಾಯಿಸಿದ ಹಾಗೆ ನಡುಗಿ, ಕೆಳಗೆ ಕೂತಿತು. ಹಿಂದೆಯೇ ಕೆಮ್ಮು ಬಂತು. ಅದು ಶುರುವಾದರೆ ಅವನು ಏನನ್ನಾದರೂ ಹಿಡಿದುಕೊಳ್ಳಬೇಕು. ಮೇಜು ಹಿಡಿದುಕೊಂಡ. ಡಾಕ್ಟರರ ನೀರಿನ ಬಾಟಲಿ ಉರುಳಿತು.

"ಮೇಜು ಬಿಡೋ ಹಲ್ಕಟ್!"

ಸಿಮೆಂಟು ಗೋದಾಮಿನ ಆಫೀಸು ರೂಮಿಗೆ ಗಾಜಿನ ಗೋಡೆ, ತಣ್ಣನೆಯ ಗಾಳಿಯ ಮಿಷನ್ನು. ಚೀಲ ಹೊರುವ ಹದಿನಾಲ್ಕು ಮಂದಿಯೂ ಅದರೊಳಗೆ ಕಾಲಿಟ್ಟದ್ದು ಇವತ್ತೇ ಮೊದಲು, ಧಣಿ ಡಾಕ್ಟರನ್ನು ಕರೆಸಿ ಇಟ್ಟ ತಪಾಸಣೆ ಕ್ಯಾಂಪಿಗೆ. ಗೋಡೆಗೆ ಬಟ್ಟೆಯ ಬ್ಯಾನರು ಕಟ್ಟಿತ್ತು: 'ಬೀಡಿ ಬಿಡಿ, ಬಲ ಪಡೆಯಿರಿ'. ಪಕ್ಕದ ಪಟದಲ್ಲಿ ಎರಡು ಶ್ವಾಸಕೋಶಗಳು, ಒಂದು ಕೆಂಪು, ಒಂದು ಕಪ್ಪು. ಯಾರದ್ದು ಯಾವುದೆಂದು ಯಾರೂ ಕೇಳಲಿಲ್ಲ.

ನಿಂತಪ್ಪನಿಗಿಂತ ಮುಂಚೆ ಕೊಳವೆ ಹಿಡಿದವನು ಅವನ ಹೆಂಡತಿಯ ತಮ್ಮ ಚಿಮಣಿ. ದಿನಕ್ಕೆ ಮೂರು ಕಟ್ಟು ಬೀಡಿ ಮುಗಿಸುವವನಿಗೆ ಬೇರೆ ಹೆಸರು ಇಡಲು ಜನಕ್ಕೆ ಮನಸ್ಸು ಬಂದಿರಲಿಲ್ಲ. ಅವನು ಕೆನ್ನೆ ಒಳಗೆ ಹೋಗುವಂತೆ ಒಂದೇ ದಮ್ಮು ಎಳೆದಾಗ ಮೂರೂ ಗುಂಡುಗಳು ಟಕ್ಕೆಂದು ಮೇಲೆದ್ದು ಗೂಡಿನ ನೆತ್ತಿಗೆ ಅಂಟಿಕೊಂಡಿದ್ದವು.

"ಇನ್ನೂ ಹಿಂಗೇ ಮೇಲೆ ನಿಲ್ಲಿಸ್ಲಾ ಸಾರ್?" ಎಂದು ಮೂಗಿನಲ್ಲೇ ಕೇಳಿದ್ದ. "ದಿನಾ ಎಳ್ದು ರೂಢಿ ಆಗ್ಬಿಟ್ಟೈತೆ."

ಹೊರಗಿದ್ದವರು ಗಾಜು ಅಲುಗುವಂತೆ ನಕ್ಕಿದ್ದರು. ಡಾಕ್ಟರು ನಕ್ಕಿರಲಿಲ್ಲ. ಬ್ಯಾನರನ್ನೊಮ್ಮೆ, ಚಿಮಣಿಯನ್ನೊಮ್ಮೆ ನೋಡಿ, ಲಾಯಕ್ಕು ಎಂದು ಬರೆದು, ಸಹಿ ಮಾತ್ರ ಆಮೇಲೆ ಹಾಕುತ್ತೇನೆಂದು ಕಾಗದ ಬದಿಗಿಟ್ಟಿದ್ದರು.

ಈಗ ಅವರು ನಿಂತಪ್ಪನ ಬೆನ್ನಿಗೆ ಕಿವಿಯ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎಳೆಯ ವಯಸ್ಸು, ತೆಳ್ಳಗಿನ ಬೆರಳು, ಎಲ್ಲರನ್ನೂ 'ಅಪ್ಪಾ' ಎಂದು ಮಾತಾಡಿಸುವ ಬಾಯಿ.

"ದಿನಕ್ಕೆ ಎಷ್ಟು ಬೀಡಿ ಸೇದ್ತೀಯಪ್ಪಾ?"

"ಇಲ್ಲ ಸಾಮಿ."

"ಬಿಟ್ಟು ಎಷ್ಟು ವರ್ಷ ಆಯ್ತು?"

"ಹಿಡಿದೇ ಇಲ್ಲ ಸಾಮಿ."

ಡಾಕ್ಟರರ ಪೆನ್ನು ನಿಂತಿತು. ಇವತ್ತು ಬೆಳಗಿನಿಂದ ಅದು ಆ ಜಾಗದಲ್ಲಿ ನಿಂತಿರಲಿಲ್ಲ.

ಗೋದಾಮಿನಲ್ಲಿ ಬೀಡಿ ಸೇದುವವನಿಗೆ ಕೂರುವ ಹಕ್ಕಿತ್ತು. ಒಂದು ಬೀಡಿ ಉರಿದು ಮುಗಿಯುವಷ್ಟು ಹೊತ್ತು ಗೋಡೆಗೆ ಒರಗಿದರೆ ಮೇಸ್ತ್ರಿ ಏನೂ ಅನ್ನುತ್ತಿರಲಿಲ್ಲ, ಅವನೂ ಸೇದುವವನೇ. ಕೈಯಲ್ಲಿ ಬೀಡಿ ಇಲ್ಲದೆ ಕೂತವನು ಮಾತ್ರ ಮೈಗಳ್ಳ, ಅವನ ಬೆನ್ನಿಗೆ ಬೂಟು. ಹೀಗಾಗಿ ಹೊಸದಾಗಿ ಬಂದವರೆಲ್ಲ ಒಂದು ವಾರದೊಳಗೆ ಬೀಡಿ ಕಲಿಯುತ್ತಿದ್ದರು, ಚಟಕ್ಕಲ್ಲ, ಮಂಡಿಗೆ. ನಿಂತಪ್ಪನೂ ಮೊದಲನೇ ದಿನ ಒಂದು ದಮ್ಮು ಎಳೆಯಲು ಹೋಗಿ, ಎಳೆಯುವ ಮೊದಲೇ ವಾಸನೆಗೆ ಮೇಸ್ತ್ರಿಯ ಬೂಟಿನ ಮೇಲೆ ವಾಂತಿ ಮಾಡಿಕೊಂಡ. ಅವತ್ತಿನಿಂದ ಇಪ್ಪತ್ತೆರಡು ವರ್ಷ ನಿಂತೇ ಇದ್ದ. ಹೆಸರು ಹಾಗೆ ಬಂತು.

"ಎಲ್ರೂ ಹಿಂಗೇ ಹೇಳೋದು, ಬರ್ಕೊಳ್ಳಿ ಸಾರ್," ಎಂದ ಮೇಸ್ತ್ರಿ.

"ಸೇದಲ್ಲ ಅಂತಿದಾನಲ್ರೀ. ಎದೆಯೊಳಗೆ ನೋಡಿದ್ರೆ ಜರಡಿ ಆಡಿಸ್ದಂಗೆ ಸದ್ದು ಬರ್ತಿದೆ. ಬೀಡಿ ಅಲ್ಲ ಅಂದ್ರೆ ಇನ್ನೊಂದು ಕಾಲಂ ತುಂಬಬೇಕಾಗತ್ತೆ."

ಮೂಲೆಯ ತಿರುಗೋ ಕುರ್ಚಿಯಲ್ಲಿ ಮೊಬೈಲು ನೋಡುತ್ತಿದ್ದ ಧಣಿ ತಲೆ ಎತ್ತದೆ ಕೇಳಿದ, "ಇನ್ನೊಂದು ಕಾಲಂ ಏನದು?"

"ಧೂಳು."

"ಅದನ್ನ ತುಂಬಿದ್ರೆ?"

"ಆಸ್ಪತ್ರೆ, ಔಷಧಿ ಎಲ್ಲ ನಿಮ್ಮ ಮೇಲೆ ಬರತ್ತೆ. ಮೇಲಿನವರು ಬಂದು ಶೆಡ್ ನೋಡ್ತಾರೆ."

ಇದೇ ಗೋದಾಮಿನಲ್ಲಿ ಹೋದ ವರ್ಷ ಇಬ್ಬರು ಕೆಮ್ಮಿ ಕೆಮ್ಮಿ ಸತ್ತಿದ್ದರು. ಇಬ್ಬರೂ ಬೀಡಿ ಸೇದುವವರಾದ್ದರಿಂದ ಅವರ ಕಾಗದದಲ್ಲಿ ಬೀಡಿ ಎಂದೇ ಬಂತು. ಅದನ್ನು ಹಿಡಿದುಕೊಂಡು ಆಸ್ಪತ್ರೆಗೂ ಆಫೀಸಿಗೂ ಅಲೆದ ಹೆಂಗಸರಿಗೆ ಕಿಟಕಿಯ ಹಿಂದಿನವರು ಒಂದೇ ಮಾತು ಹೇಳಿದ್ದರು: ಸೇದಿದ್ದು ನಿನ್ನ ಗಂಡ ತಾನೇನಮ್ಮಾ? ಬೀಡಿ ಮುಟ್ಟದೆಯೇ ಎದೆ ಹಾಳಾದವನು ಗೋದಾಮಿನಲ್ಲಿ ಇದ್ದದ್ದು ಇವನೊಬ್ಬನೇ.

ಧಣಿ ಮೊಬೈಲು ಜೇಬಿಗಿಟ್ಟು ಮೇಸ್ತ್ರಿಯನ್ನು ನೋಡಿದ. "ನಾನು ಊಟ ಮಾಡ್ಕೊಂಡು ಬರ್ತೀನಿ. ಬರೋದ್ರೊಳಗೆ ಕ್ಯಾಂಪ್ ಮುಗೀಬೇಕು."

ಅವನ ಕಾರು ಗೇಟು ದಾಟಿದ ಮೇಲೆ ಡಾಕ್ಟರು ಕನ್ನಡಕ ಒರೆಸುತ್ತ ಹೇಳಿದರು, "ನೋಡ್ರೀ ಮೇಸ್ತ್ರಿ, ನಾನು ಸುಳ್ಳು ಬರೆಯೋನಲ್ಲ. ಕಣ್ಣಾರೆ ಕಂಡಿದ್ರೆ ಮಾತ್ರ ಬರೀತೀನಿ."

"ಅಷ್ಟೇ ತಾನೇ ಸಾರ್? ಬನ್ನಿ, ತೋರಿಸ್ತೀನಿ."

ಶೆಡ್ಡಿನೊಳಗೆ ತುಂಬಿದ ಲಾರಿಯೊಂದು ಬೆಳಗಿನಿಂದ ನಿಂತಿತ್ತು. ಅದರ ಪಕ್ಕದ ಜಾಗ ಗುಡಿಸಿ ಡಾಕ್ಟರಿಗೆ ಕುರ್ಚಿ ಹಾಕಿದರು. ಅವರು ಕರವಸ್ತ್ರ ಹಾಸಿ ಕೂತು, ಕಾಗದದ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡರು.

ಮೇಸ್ತ್ರಿ ಬೆರಳು ಮಡಚಿ ಚಿಮಣಿಯನ್ನು ಕರೆದ. "ಬೀಡಿ ತೆಗಿಯೋ."

ಚಿಮಣಿ ಒಂದು ಬೀಡಿ ಕೊಟ್ಟ.

"ಕಟ್ಟು ತೆಗಿ ಅಂದೆ. ಕೊಟ್ಟು ನಿನ್ನ ಭಾವನ ಕೈ ಹಿಡ್ಕೋ."

"ಭಾವ ಸೇದಲ್ಲ ಮೇಸ್ತ್ರಿ. ವಾಸನೆಗೇ ವಾಂತಿ ಮಾಡ್ಕೋತಾನೆ."

"ನಿನ್ನ ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ, ಗೊತ್ತೈತಾ?"

ಚಿಮಣಿ ನಿಂತಪ್ಪನ ಹಿಂದೆ ಹೋಗಿ ಎರಡೂ ತೋಳು ಹಿಡಿದ. "ಬಿಗಿ ಹಿಡಿಯಲ್ಲ ಭಾವ, ಸುಮ್ನೆ ಹಿಡ್ದಂಗೆ ಮಾಡ್ತೀನಿ," ಎಂದು ಕಿವಿಯಲ್ಲಿ ಪಿಸುಗುಟ್ಟಿದ. ನಿಂತಪ್ಪ ಒದ್ದಾಡತೊಡಗಿದ ಮೇಲೆ ಬಿಗಿಯಾಗಿಯೇ ಹಿಡಿಯಬೇಕಾಯಿತು.

ಮೇಸ್ತ್ರಿ ಮಂಡಿಯಿಂದ ಹೊಟ್ಟೆಗೆ ಗುದ್ದಿ ಅವನನ್ನು ನೆಲಕ್ಕೆ ಬೀಳಿಸಿದ. ಎದೆಯ ಮೇಲೆ ಕೂತ. ಐದು ಬೀಡಿಗಳನ್ನು ಒಟ್ಟಿಗೆ ಹಚ್ಚಿ, ಹಲ್ಲು ಕಚ್ಚಿದ ಬಾಯಿಯನ್ನು ಗಲ್ಲ ಹಿಸುಕಿ ತೆರೆದು ತುರುಕಿದ. ಇನ್ನೊಂದು ಕೈಯಲ್ಲಿ ಮೂಗು ಮುಚ್ಚಿದ. ಉಸಿರಾಡಬೇಕಾದರೆ ಬೀಡಿಯ ಮೂಲಕವೇ ಆಡಬೇಕು. ಆಡಿದ.

"ನೋಡ್ತಿದೀರಾ ಸಾರ್? ಹೆಂಗೆ ಎಳೀತಾನೆ! ಸೇದಲ್ವಂತೆ ಸೂಳೇಮಗ!"

ನಿಂತಪ್ಪನ ಕಾಲುಗಳು ನೆಲದ ಮೇಲೆ ಸಿಮೆಂಟು ಕೆದರಿದವು. ಒಂದು ಬೀಡಿ ಜಾರಿ ತುಟಿ ಸುಟ್ಟಿತು, ಮೀಸೆ ಚರಚರ ಎಂದಿತು. ಉಳಿದ ಹನ್ನೆರಡು ಜನ ನಿಂತು ನೋಡಿದರು. ಒಬ್ಬ ಅಭ್ಯಾಸಬಲದಿಂದ ಕಿವಿಗೆ ಸಿಕ್ಕಿಸಿದ್ದ ಬೀಡಿ ತೆಗೆದವನು, ಅದೇನೆಂದು ನೋಡಿಕೊಂಡು, ಬೆರಳಲ್ಲೇ ಪುಡಿ ಮಾಡಿದ.

ಡಾಕ್ಟರು ಗಡಿಯಾರ ನೋಡಿ ಬರೆದರು: ರೋಗಿ ಧೂಮಪಾನ ಮಾಡುವುದನ್ನು ಖುದ್ದು ನೋಡಿದ್ದೇನೆ. ಬರೆದ ಮೇಲೆ, "ಸಾಕು ಬಿಡ್ರೀ, ಪಾಪ," ಎಂದರು. ಅವರಿಗೆ ಯಾರ ಕಷ್ಟವನ್ನೂ ನೋಡಲಾಗುತ್ತಿರಲಿಲ್ಲ.

ನಿಂತಪ್ಪ ಮಗ್ಗುಲಾಗಿ ವಾಂತಿ ಮಾಡಿದ. ಅದರಲ್ಲಿ ಕೆಂಪು ಇತ್ತು. ಅವನ ಹೆಬ್ಬೆರಳನ್ನು ಮೇಸ್ತ್ರಿ ಮಸಿಯ ಪ್ಯಾಡಿಗೆ ಒತ್ತಿ ಕಾಗದಕ್ಕೆ ಒತ್ತಿದ. ಇಪ್ಪತ್ತೆರಡು ವರ್ಷದ ಸಿಮೆಂಟು ಆ ಬೆರಳಿನ ಗೆರೆಗಳನ್ನೆಲ್ಲ ತಿಂದು ಹಾಕಿತ್ತು. ಕಾಗದದ ಮೇಲೆ ಒಂದು ಕರಿ ಮಚ್ಚೆ ಬಿತ್ತು, ಅಷ್ಟೇ.

"ಗೆರೇನೇ ಇಲ್ಲವಲ್ರೀ. ಇದು ಯಾರ ಬೆರಳೂ ಆಗಬಹುದು," ಎಂದರು ಡಾಕ್ಟರು. "ಮನೆಯವರ ಸಹಿ ಇದ್ರೆ ಗಟ್ಟಿ."

ನಿಂತಪ್ಪನ ಹೆಂಡತಿ ಗೋದಾಮಿನ ಹಿಂದೆ ಒಡೆದ ಚೀಲಗಳ ಸಿಮೆಂಟು ಜರಡಿ ಹಿಡಿಯುತ್ತಿದ್ದಳು. ಕರೆದಾಗ ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡೇ ಬಂದಳು. ನೆಲದ ಮೇಲಿದ್ದವನನ್ನು ನೋಡಿದವಳೇ ಕೂತು, ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಸುಟ್ಟ ತುಟಿ ಮುಟ್ಟಿ ಬೆರಳು ಮೂಸಿದಳು.

"ಇಲ್ಲಿ ಒಂದು ಸಹಿ ಹಾಕಮ್ಮಾ," ಎಂದರು ಡಾಕ್ಟರು.

"ಏನ್ ಬರ್ದೈತೆ ಓದೋ," ಎಂದಳು ತಮ್ಮನಿಗೆ.

ಚಿಮಣಿ ನಾಲ್ಕನೆಯ ಕ್ಲಾಸಿನವರೆಗೆ ಓದಿದವನು. ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಬೀಡಿ ಸೇದಿ... ಎದೆ ಕೆಟ್ಟೈತೆ. ಕೆಲಸಕ್ಕೆ ಲಾಯಕ್ಕಿಲ್ಲ. ಸೇದೋದನ್ನ... ಡಾಕ್ಟ್ರು ನೋಡವ್ರೆ."

"ಯಾವಾಗ ನೋಡಿದ್ರು?"

"ಈಗ."

"ಬೀಡಿ ಯಾರದ್ದು?"

ಅವನ ಕೈ ಖಾಲಿ ಜೇಬಿಗೆ ಹೋಯಿತು.

"ಕೈ ಯಾರು ಹಿಡ್ದಿದ್ರು?"

ಅವನು ಕೈ ಬೆನ್ನ ಹಿಂದೆ ಸರಿಸಿದ. ಅವಳು ಗಂಡನ ತಲೆಯನ್ನು ಖಾಲಿ ಚೀಲದ ಮೇಲೆ ಮೆಲ್ಲಗೆ ಇಳಿಸಿ, ಎದ್ದು, ತಮ್ಮನ ಕೆನ್ನೆಗೆ ಬಾರಿಸಿದಳು. ಒಂದಲ್ಲ. ಜರಡಿ ಹಿಡಿದು ಹಿಡಿದು ಕಲ್ಲಾದ ಕೈ. ಅವನು ಮುಖ ತಿರುಗಿಸಿಕೊಳ್ಳಲಿಲ್ಲ.

"ನಿಮ್ಮ ಮನೆ ರಾಮಾಯಣ ಆಮೇಲೆ ನೋಡ್ಕೊಳ್ಳಿ," ಎಂದು ಮೇಸ್ತ್ರಿ ಅವಳ ಜುಟ್ಟು ಹಿಡಿದು ಕಾಗದದ ಕಡೆಗೆ ಎಳೆದ. "ಸಹಿ ಹಾಕೇ ಮುಂಡೆ."

ಚಿಮಣಿಯ ಸೊಂಟದಲ್ಲಿ ಚೀಲ ಎಳೆಯುವ ಕೊಕ್ಕೆ ಇತ್ತು. ಅದು ಮೇಸ್ತ್ರಿಯ ಹೆಗಲಿಗೆ ಹಿಂದಿನಿಂದ ಇಳಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ತುಂಬಿದ ಚೀಲಕ್ಕೆ ಹಾಕುವಾಗ ಆಗುವಷ್ಟೇ ಆಯಿತು. ಕೂಗಿದ್ದು ಮೇಸ್ತ್ರಿ. ಚಿಮಣಿ ಕೊಕ್ಕೆ ಬಿಡದೆ, ಚೀಲವನ್ನು ಎಳೆದ ಹಾಗೆಯೇ ಅವನನ್ನು ಲಾರಿಯ ಗಾಲಿಯವರೆಗೆ ಎಳೆದುಕೊಂಡು ಹೋಗಿ ಕೆಡವಿದ. ಡಾಕ್ಟರು ಕುರ್ಚಿಯಿಂದ ಎದ್ದರು. ಇಬ್ಬರು ಹಮಾಲಿಗಳು ಅವರ ಎರಡು ಹೆಗಲಿನ ಮೇಲೆ ಕೈಯಿಟ್ಟು ಕೂರಿಸಿದರು.

"ಕೂತ್ಕೊಳ್ಳಿ ಸಾರ್. ಇನ್ನೂ ಲೋಡ್ ಇಳಿಸೋದು ನೋಡಿಲ್ಲ ನೀವು."

"ಅಕ್ಕಾ," ಎಂದ ಚಿಮಣಿ ಏದುಸಿರಿನಲ್ಲಿ, "ಭಾವನ್ನ ಹೊರಗೆ ಕರ್ಕೊಂಡು ಹೋಗು. ಶಟರು ಎಳ್ದು ಬೀಗ ಒತ್ತಿಬಿಡು."

"ಒಳಗೆ ನೀನು?"

"ನಂಗೆ ಕೆಲಸ ಐತೆ."

ಅವಳು ಗಂಡನ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಹೊರಗೆ ಬಂದಳು. ಶಟರು ಗಡಗಡನೆ ಇಳಿಯಿತು. ಬೀಗ ಒತ್ತಿದರೆ ಬೀಳುವಂಥದ್ದು, ಬಿತ್ತು. ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಪಕ್ಕದಲ್ಲೇ ಕೂತಳು. ಒಳಗೆ ಲಾರಿಯ ಹಲಗೆ ಬಿಚ್ಚಿದ ಸದ್ದಾಯಿತು. ಆಮೇಲೆ ಮೊದಲನೆಯ ಚೀಲ ಬಿತ್ತು, ಹೆಗಲಿನ ಮೇಲಲ್ಲ, ಲಾರಿಯ ಮೇಲಿನಿಂದ ನೇರ ನೆಲಕ್ಕೆ. ಒಡೆಯಿತು. ಎರಡನೆಯದು ಬಿತ್ತು. ಶಟರಿನ ಕೆಳಗಿನ ಸಂದಿನಿಂದ ಬೂದಿಬಣ್ಣದ ಹೊಗೆಯಂಥದ್ದು ಹೊರಗೆ ಹರಿಯತೊಡಗಿತು. ಒಳಗಿನಿಂದ ಯಾರೋ ಶಟರು ಬಡಿದರು, ಮೊದಲು ಮರ್ಯಾದೆಯಿಂದ, ಅಂಗೈಯಲ್ಲಿ, ಆಮೇಲೆ ಮುಷ್ಟಿಯಲ್ಲಿ.

ಧಣಿಯ ಕಾರು ಬಂದು ನಿಂತಿತು. ಅವನು ಹಲ್ಲು ಕೆದಕುತ್ತ ಇಳಿದ. "ಏನೇ ಅದು ಗಲಾಟೆ?"

"ಲೋಡ್ ಇಳಿಸ್ತಾವ್ರೆ ಧಣಿ."

"ಶಟರು ಹಾಕ್ಕೊಂಡಾ? ತೆಗಿಯೇ! ಬೀಗದ ಕೈ ಎಲ್ಲಿ?"

"ಮೇಸ್ತ್ರಿ ಜೇಬಲ್ಲೈತೆ."

"ಅವನೆಲ್ಲಿ ಸತ್ತ?"

"ಒಳಗವ್ನೆ, ಡಾಕ್ಟ್ರ ಜೊತೆ. ಕ್ಯಾಂಪ್ ಇನ್ನೂ ಮುಗಿದಿಲ್ಲ ಧಣಿ."

ಧಣಿ ಬೀಗ ಹಿಡಿದು ಜಗ್ಗಿದ, ಶಟರಿಗೆ ಒದ್ದ, ಗೇಟಿನ ಕಡೆಗೆ ಕೂಗುತ್ತ ಓಡಿದ. ಅವಳು ಏಳಲಿಲ್ಲ. ನಿಂತಪ್ಪನ ತಲೆ ಅವಳ ತೊಡೆಯ ಮೇಲಿತ್ತು.

ಒಳಗೆ ಕೆಮ್ಮು ಶುರುವಾಗಿತ್ತು. ಆ ಶೆಡ್ಡಿನಲ್ಲಿ ಚೀಲ ಹೊರುವ ಒಬ್ಬೊಬ್ಬರ ಕೆಮ್ಮೂ ಅವಳಿಗೆ ಗುರುತು. ಗೋಡೆಯ ಹಿಂದೆ ಕೂತು ಜರಡಿ ಆಡಿಸುತ್ತ ಇಷ್ಟು ವರ್ಷ ಅದನ್ನೇ ಕೇಳಿದ್ದಳು. ಗೊರಗೊರ ಎನ್ನುವುದು ತಮ್ಮನದು. ಕುಳ್ಳನದು, ಮುದುಕನದು, ಹೋದ ತಿಂಗಳು ಸೇರಿದವನದು. ಎರಡು ಮಾತ್ರ ಗುರುತು ಸಿಗಲಿಲ್ಲ. ಒಂದು ತೆಳ್ಳಗೆ, ರೂಢಿ ಇಲ್ಲದ್ದು; ಇನ್ನೊಂದು ನಡುನಡುವೆ ದೇವರನ್ನು ಕರೆಯುತ್ತಿತ್ತು. ಇನ್ನೊಂದು ಚೀಲ ಬಿತ್ತು.

ತೊಡೆಯ ಮೇಲಿನ ಕೆಮ್ಮು ಎಷ್ಟು ಹೊತ್ತಿನಿಂದ ಕೇಳಿಸಿಲ್ಲವೆಂದು ಆಗ ಅವಳಿಗೆ ಹೊಳೆಯಿತು. ಅವಳು ತಲೆ ಬಗ್ಗಿಸಿ ನೋಡಲಿಲ್ಲ. ಬೀಗಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಇನ್ನಷ್ಟು ಗಟ್ಟಿಯಾಗಿ ಕೂತಳು. ಗೇಟಿನ ಕಡೆಯಿಂದ ಹಾರೆ ಹಿಡಿದುಕೊಂಡು ಜನ ಓಡಿ ಬರುತ್ತಿದ್ದರು.