ಬಟ್ಟೆ ಕೋಣೆಯ ತಾಲೀಮು

ನಮ್ಮದು ಜನರಲ್ ಮೆಡಿಸಿನ್ ವಾರ್ಡು. ನಾನದನ್ನು 'ಜನರಿಲ್ಲದ ಮೆಡಿಸಿನ್' ಎನ್ನುತ್ತಿದ್ದೆ. ರೋಗಿಗಳಿಗೇನೂ ಬರವಿಲ್ಲ, ನಲವತ್ತು ಹಾಸಿಗೆ ಸದಾ ಭರ್ತಿ. ಬರವಿದ್ದದ್ದು ಡಾಕ್ಟರಿಗೆ. ನಾನು ಮತ್ತು ಅಕ್ಕ, ಇಬ್ಬರೇ. ಮೂಳೆಯವರು ಮೂಳೆ ನೋಡುತ್ತಾರೆ, ಕಣ್ಣಿನವರು ಕಣ್ಣು ನೋಡುತ್ತಾರೆ. ಏನೆಂದು ಗೊತ್ತಾಗದ್ದೆಲ್ಲ ನಮ್ಮ ಪಾಲಿಗೆ.

ಅಕ್ಕ ಒಡಹುಟ್ಟಿದವರಲ್ಲ. ನನಗಿಂತ ಎಂಟು ವರ್ಷ ಹಿರಿಯ ಡಾಕ್ಟರು. ಸ್ಟೆತಸ್ಕೋಪನ್ನು ಕಿವಿಗಿಡುವ ಮೊದಲು ರೋಗಿಯ ಮಾತಿಗೆ ಕಿವಿಗೊಡು ಎಂದು ಕಲಿಸಿದವರು. ನನಗೆ 'ಗಿಳಿ' ಎಂದು ಹೆಸರಿಟ್ಟವರೂ ಅವರೇ. ಯಾರ ದನಿಯಾದರೂ ಸರಿ, ಎರಡು ಸಲ ಕೇಳಿದರೆ ನನ್ನ ಬಾಯಿಗೆ ಬರುತ್ತದೆ. ನನ್ನ ಕಟ್ಟಕಡೆಯ ಅಸ್ತ್ರ ಆಸ್ಪತ್ರೆಯ ಮುಖ್ಯಸ್ಥರ ದನಿ. ಪ್ರತಿ ಮಾತಿಗೂ ಮುಂಚೆ 'ಹ್ಹೆಮ್' ಎಂದು ಗಂಟಲು ಸರಿಮಾಡಿಕೊಳ್ಳುವುದರಿಂದ ಅವರು ನಮಗೆ ಗಂಟಲ ಸಾಹೇಬರು.

ಮೂರನೇ ಡಾಕ್ಟರನ್ನು ಕೇಳೋಣ ಎಂದದ್ದು ಅಕ್ಕ. "ಬರೀ ಗೋಳಾಡಿದ್ರೆ ಯಾರೂ ಕೊಡಲ್ಲ ಗಿಳಿ. ಪುರಾವೆ ಬೇಕು." ಆರು ವಾರ ಒಂದು ಗೆರೆ ಪುಸ್ತಕದಲ್ಲಿ ಬರೆದೆವು: ಯಾವ ದಿನ ಎಷ್ಟು ರೋಗಿಗಳು, ಊಟ ಎಷ್ಟು ಹೊತ್ತಿಗೆ, ಊಟವೇ ಇಲ್ಲದ ದಿನ ಯಾವುದು, ಆಗಬೇಕಿದ್ದು ಕೊನೇ ಗಳಿಗೆಯಲ್ಲಿ ತಪ್ಪಿಹೋದ ಅನಾಹುತ ಯಾವುದು. ಆ ಕೊನೆಯದರಲ್ಲಿ ನನ್ನದೊಂದಿತ್ತು. ಹನ್ನೊಂದನೇ ಹಾಸಿಗೆಗೆ ಹಾಕಬೇಕಿದ್ದ ಪೊಟ್ಯಾಸಿಯಂ ಡ್ರಿಪ್ಪನ್ನು ಹದಿನೇಳರ ಚೀಟಿಯಲ್ಲಿ ಬರೆದಿದ್ದೆ. ಹದಿನೇಳು ಕಿಡ್ನಿ ಕೆಟ್ಟ ಮುದುಕ. ಅದು ಒಳಗೆ ಹೋಗಿದ್ದರೆ ಹೃದಯ ನಿಲ್ಲುತ್ತಿತ್ತು. ಸಿಸ್ಟರ್ ಓದಿ ಕಣ್ಣು ಅಗಲಿಸಿದ್ದರಿಂದ ಇಬ್ಬರು ಬದುಕಿದೆವು, ಮುದುಕ ಮತ್ತು ನಾನು.

ಬರೆಯಲು ಕೈ ಬರಲಿಲ್ಲ.

"ಬರಿಯೋ," ಅಂದರು ಅಕ್ಕ. "ಅವತ್ತು ನೀನು ಮೂವತ್ತೆಂಟನೇ ರೋಗಿ ನೋಡ್ತಿದ್ದೆ. ಹೊಟ್ಟೇಲಿ ಒಂದು ಬಿಸ್ಕತ್ತಿತ್ತು. ಇದು ನಿನ್ನ ತಪ್ಪಲ್ಲ, ಸಂಖ್ಯೆಯ ತಪ್ಪು. ನಾನಿದ್ದೀನಲ್ಲ."

ಬರೆದು ಸಹಿ ಹಾಕಿದೆ.

ಆಮೇಲೆ, ಗಂಟಲ ಸಾಹೇಬರ ಜೊತೆಗಿನ ಸಭೆಗೆ ತಾಲೀಮು. ಮಧ್ಯಾಹ್ನ ಹತ್ತು ನಿಮಿಷ ಸಿಕ್ಕರೆ ಸಾಕು, ಚಾದರ ದಿಂಬುಗಳನ್ನಿಡುವ ಬಟ್ಟೆ ಕೋಣೆಗೆ ನುಗ್ಗುತ್ತಿದ್ದೆವು. ನಾನು ಚಾದರದ ರಾಶಿಯ ಮೇಲೆ ಕೂತು ಗಂಟಲ ಸಾಹೇಬರಾಗುತ್ತಿದ್ದೆ. ಅಕ್ಕ ಎದುರು ನಿಂತು ವಾದಿಸುತ್ತಿದ್ದರು.

"ಹ್ಹೆಮ್! ಇಬ್ಬರು ಸಾಲಲ್ಲ ಅಂದ್ರೆ ಏನಮ್ಮಾ ಅರ್ಥ? ಇಬ್ಬರೂ ಅರ್ಧರ್ಧ ಕೆಲಸ ಮಾಡ್ತಿದೀರಿ ಅಂತ!"

"ಸರ್, ನಲವತ್ತು ಹಾಸಿಗೆ ಸರ್..."

"ಹ್ಹೆಮ್! ದೋಣಿ ಚಿಕ್ಕದಾದ್ರೆ ಇನ್ನೊಂದು ದೋಣಿ ಕೇಳಬಾರದು. ಜೋರಾಗಿ ಹುಟ್ಟು ಹಾಕೋದು ಕಲೀಬೇಕು."

ಅಕ್ಕ ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕರು. "ಎಲ್ಲಿಂದ ತರ್ತೀಯೋ ಇವನ್ನ! ಅವರಿಗೇ ಇಷ್ಟು ಚೆನ್ನಾಗಿ ಹೇಳೋಕೆ ಬರಲ್ಲ."

ನಿಜ. ಸಾಹೇಬರು ಅಂಥ ಮಾತನ್ನು ಎಂದೂ ಆಡಿದವರಲ್ಲ. ಪಾತ್ರಕ್ಕೆ ತೂಕ ಬರಲೆಂದು ನಾನೇ ಹೊಸೆದದ್ದು.

ಸಭೆಯ ದಿನ ನಾನು ಹೋದಾಗ ಅಕ್ಕ ಆಗಲೇ ಬಂದಿದ್ದರು. ಮೇಜಿನ ಆಚೆ ಬದಿ, ಸಾಹೇಬರ ಪಕ್ಕದ ಕುರ್ಚಿಯಲ್ಲಿ. ಈಚೆ ಜಾಗ ಸಿಗಲಿಲ್ಲವೇನೋ ಅಂದುಕೊಂಡೆ. ಈಚೆ ನಾಲ್ಕು ಕುರ್ಚಿ ಖಾಲಿಯಿದ್ದವು.

"ಹ್ಹೆಮ್," ಎಂದರು ಸಾಹೇಬರು, ಅಸಲಿಯವರು. "ಡಾಕ್ಟರುಗಳ ವೃತ್ತಿ ವಿಕಾಸ, ನೆಮ್ಮದಿ ಎರಡನ್ನೂ ನೋಡ್ಕೊಳ್ಳೋಕೆ ಹೊಸ ಹುದ್ದೆ ಮಾಡಿದೀವಿ. ಇವರೇ ಸಂಯೋಜಕರು. ಹೇಳಿ ಡಾಕ್ಟ್ರೇ."

ಅಕ್ಕ ಗೆರೆ ಪುಸ್ತಕ ತೆರೆದರು. ನನ್ನ ಕಡೆ ನೋಡಲಿಲ್ಲ. ಹನ್ನೊಂದು, ಹದಿನೇಳು, ಪೊಟ್ಯಾಸಿಯಂ, ನನ್ನ ಸಹಿ ಎಲ್ಲವನ್ನೂ ಓದಿದರು. ಮೂವತ್ತೆಂಟನ್ನು ಓದಲಿಲ್ಲ. ಬಿಸ್ಕತ್ತನ್ನೂ ಓದಲಿಲ್ಲ. "ಇದು ಏಕಾಗ್ರತೆಯ ಸಮಸ್ಯೆ ಸರ್. ವಾರಕ್ಕೊಂದು ತರಬೇತಿ ಇಟ್ರೆ ಸರಿಹೋಗುತ್ತೆ."

"ಮತ್ತೆ ಮೂರನೇ ಡಾಕ್ಟರು?" ಎಂದೆ.

ಅಕ್ಕ ಗಂಟಲು ಸರಿಮಾಡಿಕೊಂಡರು. "ದೋಣಿ ಚಿಕ್ಕದಾದ್ರೆ ಇನ್ನೊಂದು ದೋಣಿ ಕೇಳಬಾರದು..."

ಪೂರ್ತಿ ಹೇಳಿದರು. ಹುಟ್ಟನ್ನೂ ಬಿಡಲಿಲ್ಲ. ಸಾಹೇಬರು ಮೇಜು ತಟ್ಟಿ, "ಭಲೇ! ಇದನ್ನ ಗೋಡೆ ಮೇಲೆ ಬರೆಸ್ರೀ," ಎಂದರು. ನಾನು ಯಾರ ಪಾತ್ರಕ್ಕೆ ತಾಲೀಮು ಕೊಡುತ್ತಿದ್ದೆ ಎಂದು ಆಗ ತಿಳಿಯಿತು.

ಹೊರಗೆ ಲಿಫ್ಟಿನ ಮುಂದೆ ಅಕ್ಕ ಸಿಕ್ಕರು. "ಸಿಟ್ಟಾಗ್ಬೇಡ ಗಿಳಿ. ನನ್ನ ಬೆನ್ನು, ನನ್ನ ನಿದ್ದೆ... ಆ ವಾರ್ಡಲ್ಲಿ ಇನ್ನೊಂದು ವರ್ಷ ಇದ್ದಿದ್ರೆ ನಾನೇ ನಲವತ್ತೊಂದನೇ ಹಾಸಿಗೆ ಆಗ್ತಿದ್ದೆ."

"ನಿಮ್ಮ ಜಾಗಕ್ಕೆ ಯಾರು ಬರ್ತಾರೆ ಅಕ್ಕ?"

ಅಕ್ಕ ಗುಂಡಿ ಒತ್ತಿದರು. ಅದು ಆಗಲೇ ಬೆಳಗುತ್ತಿತ್ತು.

ಇಬ್ಬರಿದ್ದವರು ಮೂವರಾಗಲು ಕೇಳಿದ್ದೆವು. ಒಬ್ಬ ಉಳಿದೆ.

ಮುಂದಿನ ವಾರ ಮೊದಲ ತರಬೇತಿ. ಕಡ್ಡಾಯ. ಬೇರೆ ವಾರ್ಡುಗಳ ಹತ್ತು ಹನ್ನೆರಡು ಡಾಕ್ಟರುಗಳೂ ಇದ್ದರು. ವಿಷಯ: ಕಷ್ಟದ ಮಾತನ್ನು ಆಡುವುದು ಹೇಗೆ. "ಗಿಳಿ ಮೇಲಧಿಕಾರಿ ಆಗ್ತಾನೆ, ನಾನು ಡಾಕ್ಟರು," ಎಂದರು ಅಕ್ಕ. "ಬಾರೋ, ಹಳೇ ಅಭ್ಯಾಸ ತಾನೆ?" ಮುಖದಲ್ಲಿ ಬಟ್ಟೆ ಕೋಣೆಯ ನಗು. ರಾಜಿಗೆ ಕೈ ಚಾಚಿದ್ದಿರಬೇಕು.

"ಇವತ್ತು ನಾನು ಡಾಕ್ಟರಾಗ್ತೀನಿ ಅಕ್ಕ. ನೀವು ಮೇಲಧಿಕಾರಿ."

ಎಲ್ಲರೂ ನಕ್ಕರು. ಊರವರನ್ನೆಲ್ಲ ಅಣಕಿಸಿದ ನಾನು ಅಕ್ಕನ ದನಿಯನ್ನು ಮಾತ್ರ ಎಂದೂ ಮುಟ್ಟಿರಲಿಲ್ಲ. ಅವತ್ತು ತೆಗೆದೆ.

"ಸರ್, ನಲವತ್ತು ಹಾಸಿಗೆ ಸರ್. ಅವತ್ತು ಅವನು ಮೂವತ್ತೆಂಟನೇ ರೋಗಿ ನೋಡ್ತಿದ್ದ. ಹೊಟ್ಟೇಲಿ ಒಂದು ಬಿಸ್ಕತ್ತಿತ್ತು. ಇದು ಅವನ ತಪ್ಪಲ್ಲ, ಸಂಖ್ಯೆಯ ತಪ್ಪು."

ಮಾತಿನ ಕೊನೆಗೆ ಅವರು ಮೂಗಿನಲ್ಲಿ ಉಸಿರೆಳೆಯುವ ರೀತಿಯೂ ಬಂತು. ನಗು ನಿಂತಿತು. ಅಕ್ಕ ಬಾಯಿ ತೆರೆದರು. ಉತ್ತರ ಅವರಿಗೆ ಬಾಯಿಪಾಠ. ಬೆನ್ನ ಹಿಂದಿನ ಗೋಡೆಯ ಮೇಲೂ ಇತ್ತು, ನೀಲಿ ಅಕ್ಷರದಲ್ಲಿ, ಪುಟ್ಟ ದೋಣಿಯ ಚಿತ್ರದ ಸಮೇತ. ಅದನ್ನು ಹೇಳುವ ಬದಲು ಹಾಜರಿ ಪುಸ್ತಕವನ್ನು ಹತ್ತಿರ ಎಳೆದುಕೊಂಡರು.

ನನ್ನ ಫೋನು ರಿಂಗಾಯಿತು. ಸಿಸ್ಟರ್. "ಡಾಕ್ಟ್ರೇ, ಹನ್ನೊಂದಕ್ಕೆ ಉಬ್ಬಸ ಜಾಸ್ತಿ ಆಗಿದೆ. ಬೇಗ ಬನ್ನಿ."

ಎದ್ದೆ.

"ನಾನೂ ಬರ್ಲಾ?" ಅಕ್ಕನ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಸ್ಟೆತಸ್ಕೋಪ್ ಇರಲಿಲ್ಲ, ಹೊಸ ಹುದ್ದೆಯ ಗುರುತಿನ ಚೀಟಿ ನೇತಾಡುತ್ತಿತ್ತು.

"ನೀವು ಹಾಜರಿ ತಗೊಳ್ಳಿ ಡಾಕ್ಟ್ರೇ," ಎಂದೆ. ಅಕ್ಕ ಎನ್ನಲು ಬಾಯಿ ಬರಲಿಲ್ಲ.

ಹನ್ನೊಂದರಲ್ಲಿ ಈಗ ಬೇರೆ ರೋಗಿ, ಒಬ್ಬ ಟೈಲರ್. ಆಮ್ಲಜನಕ ಹಾಕಿಸಿ, ಕಿವಿಗೊಟ್ಟು, ಪೆನ್ನು ತೆಗೆದೆ. ಬರೆಯುವ ಮುಂಚೆ ಚೀಟಿಯ ಮೇಲಿನ ಸಂಖ್ಯೆಯನ್ನು ಗಟ್ಟಿಯಾಗಿ ಓದಿದೆ. ಹಾಸಿಗೆಯ ಮೇಲಿನದನ್ನು ಓದಿದೆ. ರೋಗಿಯ ಮಣಿಕಟ್ಟು ತಿರುಗಿಸಿ ಗುರುತಿನ ಪಟ್ಟಿಯ ಮೇಲಿನದನ್ನೂ ಓದಿದೆ.

"ಇನ್ನೊಂದ್ಸಲ ಓದಿ ಸಿಸ್ಟರ್," ಎಂದೆ. "ನಾನೊಬ್ಬನೇ ಇದ್ದೀನಿ."