ದಮ್‌ಗೆ ಇಟ್ಟ ಓವನ್

"ಈ ಓವನ್ ಕೆಡೋ ಹೊತ್ತಿಗೆ ನಮ್ದೇ ಬೇರೆ ಮನೆ ಆಗಿರುತ್ತೆ" ಎಂದು ಜೀಶಾನ್ ಮಾತು ಕೊಟ್ಟಿದ್ದು ಮದುವೆಯಾದ ವಾರದಲ್ಲಿ. ನೌರೀನ್ ತನ್ನ ತವರಿನಿಂದ ಬಂದ ಮೈಕ್ರೋವೇವನ್ನು ಶಿವಾಜಿನಗರದ ಆ ಇಕ್ಕಟ್ಟು ಅಡುಗೆಮನೆಯಲ್ಲಿ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು. ಎಂಟ್ಹತ್ತು ವರ್ಷ ಬಾಳುತ್ತೆ ಅಂತ ಅಂಗಡಿಯವನು ಹೇಳಿದ್ದ. ಅಷ್ಟರಲ್ಲಿ ಕಮ್ಮನಹಳ್ಳಿ ಕಡೆ ಎರಡು ರೂಮು, ಕಿಟಕಿ ಇರುವ ಒಂದು ಅಡುಗೆಮನೆ ಆಗದೆ ಇರುತ್ತದೆಯೇ ಎಂದು ಇಬ್ಬರಿಗೂ ಅನಿಸಿತ್ತು.

ಈಗ ಹನ್ನೊಂದನೇ ವರ್ಷ. ಓವನ್ ಊಟದ ಮೇಜಿನ ಮೇಲೆ ಬೆನ್ನು ಬಿಚ್ಚಿಸಿಕೊಂಡು ಕೂತಿತ್ತು. ರಿಪೇರಿಯ ಮುತ್ತಣ್ಣ ರಾಯಚೂರು ಕಡೆಯವನು, ಟಿನ್ ಫ್ಯಾಕ್ಟರಿ ಹತ್ತಿರ ರೂಮು ಮಾಡಿಕೊಂಡಿದ್ದ. ಈ ಮನೆಗೆ ಹೊಸಬನೇನಲ್ಲ. ಒಮ್ಮೆ ಬಾಗಿಲಿನ ಸ್ವಿಚ್ಚು, ಒಮ್ಮೆ ಫ್ಯೂಸು, ಒಮ್ಮೆ ಎಣ್ಣೆ ಸಿಡಿದು ಸುಟ್ಟುಹೋದ ಒಳಗಿನ ಹಾಳೆ. ಏನೇ ಕೆಟ್ಟರೂ ಅವತ್ತೇ ಜೀಶಾನ್ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ಮನೆ ನೋಡಲು ಅವನು ಹಾಗೆ ಓಡಾಡಿದ್ದನ್ನು ನೌರೀನ್ ಕಂಡಿರಲಿಲ್ಲ.

"ಲೈಟ್ ಹತ್ತತದ, ಪ್ಲೇಟ್ ತಿರಗತದ, ಬಿಸಿ ಆಗವಲ್ದು" ಎಂದ ಮುತ್ತಣ್ಣ. "ಮ್ಯಾಗ್ನೆಟ್ರಾನ್ ಹೋಗ್ಯಾದ್ರಿ. ಬಿಸಿ ಮಾಡೋದೇ ಅದು. ಒಳಗ ಏನೂ ಇಡದಂಗ ಖಾಲಿ ಓಡಿಸೀರೇನು?"

"ಖಾಲಿ ಯಾರು ಓಡಿಸ್ತಾರೆ? ನಮ್ಗೇನು ಕರೆಂಟ್ ಹೆಚ್ಚಾಗಿದ್ಯಾ?" ಜೀಶಾನ್ ನಕ್ಕ.

ದಿವಾನದ ಮೇಲಿದ್ದ ಅವನ ತಾಯಿ ಆಬಿದಾ ಕೈಯನ್ನು ಕಿವಿಗೆ ಒಡ್ಡಿದಳು. "ಏನಂತೆ?"

"ಓವನ್ ಹೋಯ್ತಂತೆ ಅಮ್ಮಿ."

"ಹಂಗಾದ್ರೆ ಶುಕ್ರವಾರ ನಾನು ದಮ್ ಹೊತ್ತು ಹೆಂಗೆ ನೋಡ್ಲಿ? ಬಿರಿಯಾನಿ ಒಲೆ ಮೇಲೆ ಇಟ್ಟು ಇದನ್ನ ಇಪ್ಪತ್ತು ನಿಮಿಷಕ್ಕೆ ಹಚ್ಚಿದ್ರೆ ತಾನೇ ಕೂಗ್ತಿತ್ತು. ಈ ಮನೇಲಿ ನನಗೆ ಕೇಳಿಸೋದು ಅದರ ಮಾತೊಂದೇ."

ಮುತ್ತಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟ. "ನೋಡ್ರಿ. ಒಳಗ ಏನೂ ಇರದಿದ್ರ ಆ ಶಾಖ ಎಲ್ಲಿ ಹೋಗ್ಬೇಕು? ತಿರುಗಿ ಅದರ ಮ್ಯಾಲೇ ಬೀಳತದ."

ಜೀಶಾನ್ ಹೆಂಡತಿಯ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?" ದಖನಿ ಉರ್ದುವಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದ.

"ಗೊತ್ತಿತ್ತು."

ಅತ್ತೆ ಖಾಲಿ ಓವನ್ ಹಚ್ಚಿದ್ದನ್ನು ಮೊದಲ ಸಲ ಕಂಡಾಗಲೇ ಹೇಳಲೆಂದು ಬಾಯಿ ತೆರೆದಿದ್ದಳು, ಹೇಳಲಿಲ್ಲ. ಆಮೇಲೆ ಶುಕ್ರವಾರ ತನ್ನ ಕೆಲಸಕ್ಕೆ ರಜೆ ಸಿಕ್ಕಾಗಲೆಲ್ಲ ಆ ಗುಂಯ್ ಎನ್ನುವ ಸದ್ದು ಕೇಳುತ್ತಾ ಮಗಳ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು. ಕೆಡಲಿ ಎಂದು ಬೇಡಿಕೊಂಡಿರಲಿಲ್ಲ. ಕಾಯುತ್ತಿದ್ದಳು ಅಷ್ಟೆ. ಈಚೆಗೆ ಕಾಯುವುದೂ ಪಾತ್ರೆ ತೊಳೆದಂತೆ ಒಂದು ಕೆಲಸವಾಗಿತ್ತು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಒಂದು ಮಾತು ಕೊಟ್ಟಿದ್ರಿ."

ಮುತ್ತಣ್ಣನಿಗೆ ದಖನಿ ಚೆನ್ನಾಗಿ ಬರುತ್ತಿತ್ತು. ಬಿದ್ದ ಸ್ಕ್ರೂ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ.

ಜೀಶಾನ್ ಗೋಡೆಗೆ ಒರಗಿ ನಿಂತ. ಅವನು ಸಿಟ್ಟಾಗುತ್ತಾನೆ ಅಂದುಕೊಂಡಿದ್ದಳು, ಆಗಲಿಲ್ಲ. ಮರೆತಿದ್ದೆ ಅನ್ನಬಹುದಿತ್ತು, ಅದನ್ನೂ ಅನ್ನಲಿಲ್ಲ. ತಾಯಿಯನ್ನೊಮ್ಮೆ ನೋಡಿದ. ಕೊನೆಗೆ ಮೇಜಿನ ಕೆಳಗಿದ್ದವನನ್ನು ಕೇಳಿದ: "ಮುತ್ತಣ್ಣ, ಗುಜರಿಯಲ್ಲಿ ಹಳೇ ಮ್ಯಾಗ್ನೆಟ್ರಾನ್ ಸಿಗುತ್ತಾ?"

"ಸಿಗತದ್ರಿ. ಆದ್ರ ಎಷ್ಟು ದಿನ ಓಡತದೋ ಗೊತ್ತಿಲ್ಲ. ಹೊಸಾ ಓವನ್ ತಗೊಂಡ್ರ ಚಲೋ."

"ಹಳೇದೇ ಹಾಕ್ಬಿಡಿ. ಇದು ಇನ್ನೂ ಓಡ್ಲಿ."

ನೌರೀನ್ ಒಳಗೆ ಹೋಗಿ ಮುತ್ತಣ್ಣನಿಗೆ ಟೀ ಇಟ್ಟಳು. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ನಿಂತು ನೋಡಿದಳು. ಬರಲಿಲ್ಲ. ಹಾಲು ಉಕ್ಕಿತು, ಉರಿ ಸಣ್ಣ ಮಾಡಿದಳು.

ಸಂಜೆಯೊಳಗೆ ಓವನ್ ಮತ್ತೆ ಬಿಸಿಯಾಗತೊಡಗಿತು. ಮುಂದಿನ ಶುಕ್ರವಾರ ಆಬಿದಾ ಬಿರಿಯಾನಿ ಹಂಡೆಗೆ ಮುಚ್ಚಳ ಹಾಕಿ ಓವನ್ನಿಗೆ ಕೈ ಚಾಚಿದಾಗ, ನೌರೀನ್ ಗಾಜಿನ ಬಟ್ಟಲಿನ ತುಂಬ ನೀರು ತಂದು ಒಳಗಿಟ್ಟಳು.

"ಇನ್ಮೇಲೆ ನೀರಿಟ್ಟೇ ಹಚ್ಚಿ ಅಮ್ಮಿ," ಎಂದು ಅವಳ ಕಿವಿಯ ಹತ್ತಿರ ಜೋರಾಗಿ ಹೇಳಿದಳು. "ಇಲ್ದಿದ್ರೆ ಕೆಟ್ಟೋಗುತ್ತೆ."

"ಇದನ್ನ ಮೊದ್ಲೇ ಹೇಳೋಕೇನಾಗಿತ್ತು ನಿನಗೆ?"

ನೌರೀನ್ ಬಾಗಿಲು ಮುಚ್ಚಿ ಗುಂಡಿ ಒತ್ತಿದಳು.

ಬೇರೆ ಮನೆ ಆಗಲಿಲ್ಲ. ಜೀಶಾನ್ ಕೊಟ್ಟ ಮಾತು ನಡೆಯಲಿಲ್ಲ.