ಕತ್ತಿನೊಳಗಿನ ಅವರೆಕಾಳು

ಮಂಗಳವಾರ ಬೆಳಿಗ್ಗೆ ಬುಗ್ಗೆಯ ಕೆಳಗಿನ ಗುಂಡಿಯಿಂದ ದೇವಿಯ ತಲೆ ಮೇಲೆ ಬಂದಾಗ ಅಗೆಯುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಲಿಬೊರಿಯೊಗೆ ಮಾತ್ರ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು.

ಕಾಲಾ ತಿಂಪಾದ ಪಾಳುಬಿದ್ದ ಗ್ರೀಕ್ ಗುಡಿಗಳಿಗೆ ಅವನು ಮೂವತ್ತೊಂದು ವರ್ಷದ ಕಾವಲುಗಾರ. ಬಿದ್ದ ಕಂಬಗಳ ಮೇಲೆ ಹೆಸರು ಕೆತ್ತುವ ಪ್ರೇಮಿಗಳನ್ನು ಬೈದು, ಬಲಿಪೀಠದ ಮೇಲೆ ಊಟದ ಗಂಟು ಬಿಚ್ಚುವವರನ್ನು ಎಬ್ಬಿಸಿ ಕಳಿಸಿ, ಇನ್ನೆರಡು ವರ್ಷಕ್ಕೆ ನಿವೃತ್ತನಾಗಬೇಕಿದ್ದವನು. ಆ ದಿನ ಗುಂಡಿಯ ಅಂಚಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮಗಳು ನಿನ್ಫಾ ಮೊಣಕೈವರೆಗೆ ಕೆಸರಾಗಿ, ತೆಂಗಿನಕಾಯಿ ಗಾತ್ರದ ಮಣ್ಣಿನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಅಪ್ಪಾ, ನೋಡು! ಒಂದು ಚೂರೂ ಮುಕ್ಕಾಗಿಲ್ಲ!"

ಲಿಬೊರಿಯೊ ನೋಡಿದ. ತುಟಿಯ ತುದಿಯಲ್ಲಿ ನಿಂತ ಅರೆನಗು, ಉಬ್ಬಿದ ರೆಪ್ಪೆ, ಎಡಹುಬ್ಬಿನ ಮೇಲೆ ಓರೆಯಾಗಿ ಎದ್ದ ಕೂದಲೆಳೆಯಷ್ಟು ತೆಳ್ಳನೆಯ ಗೆರೆ. ಆ ಗೆರೆ ಅವನಿಗೆ ತನ್ನ ಅಂಗೈಯಷ್ಟೇ ಪರಿಚಿತ. ಇದು ಅವನಪ್ಪ ಮಾಡಿದ ತಲೆ.

ಅಪ್ಪ ಗಾಂಡೊಲ್ಫೊ ಹೆಸರಿಗೆ ಹೆಂಚು ಸುಡುವವನು, ಅಸಲು ಕಸುಬು ಬೇರೆ. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕರು ದೇವಿಗೆ ಹರಕೆ ಒಪ್ಪಿಸುತ್ತಿದ್ದಂಥ ಮಣ್ಣಿನ ತಲೆಗಳನ್ನು ಅವನು ಹಿತ್ತಲಲ್ಲಿ ಬಿಸಿಬಿಸಿಯಾಗಿ ಮಾಡುತ್ತಿದ್ದ. ಅಚ್ಚಿಗೆ ಮಣ್ಣು ಒತ್ತಿ, ಆವಿಗೆಯಲ್ಲಿ ಸುಟ್ಟು, ಆಡಿನ ಗೊಬ್ಬರದ ಜೊತೆ ಬುಗ್ಗೆಯ ಬಳಿ ಹೂತುಬಿಡುತ್ತಿದ್ದ. ನಾಲ್ಕು ಚಳಿಗಾಲ ಕಳೆದು ತೆಗೆದರೆ ಓದಿದವರೂ ಬೆಪ್ಪಾಗಬೇಕು, ಹಾಗಿರುತ್ತಿತ್ತು. ಉತ್ತರದ ದೇಶಗಳಿಂದ ಬರುವ ಸಾಹುಕಾರರು ಕೋಟಿನೊಳಗೆ ಬಚ್ಚಿಟ್ಟುಕೊಂಡು, ಕಳ್ಳಮಾಲು ಸಿಕ್ಕಿತೆಂದು ಹಿಗ್ಗುತ್ತ ಹಡಗು ಹತ್ತುತ್ತಿದ್ದರು. ಅಂಥವರಿಗೆ ಟೋಪಿ ಹಾಕುವುದು ಪಾಪವೆಂದು ಊರಲ್ಲಿ ಯಾರಿಗೂ ಅನಿಸಿರಲಿಲ್ಲ, ಪಾದ್ರಿಗೂ ಕೂಡ.

ಗಾಂಡೊಲ್ಫೊ ಒಂದು ಗುರುತು ಇಟ್ಟುಕೊಂಡಿದ್ದ. ಮಣ್ಣು ಹಸಿಯಾಗಿರುವಾಗಲೇ ಪ್ರತಿ ತಲೆಯ ಕತ್ತಿನ ದಪ್ಪದೊಳಗೆ ಒಂದು ಒಣ ಅವರೆಕಾಳು ಹುದುಗಿಸುತ್ತಿದ್ದ. ಆ ಕಡೆಯವರು ಅದೃಷ್ಟಕ್ಕೆಂದು ಜೇಬಿನಲ್ಲಿಟ್ಟುಕೊಂಡು ತಿರುಗುವ ದಪ್ಪ ಕಾಳು. ಬೆಂಕಿಯಲ್ಲಿ ಅದು ಬೂದಿಯಾಗಿ ಒಳಗೊಂದು ಪುಟ್ಟ ಗೂಡು ಉಳಿಯುತ್ತಿತ್ತು. ಹೊರಗಿನಿಂದ ಕಾಣದು, ಒಡೆದರಷ್ಟೇ ಕಾಣುವುದು. "ನನ್ನ ಮಾಲನ್ನ ನಂಗೇ ಯಾವನೂ ಮಾರ್ಬಾರ್ದಲ್ಲ," ಎನ್ನುತ್ತಿದ್ದ. ಇಪ್ಪತ್ತೇಳು ವರ್ಷದ ಹಿಂದೆ ಆಲಿವ್ ಕುಯ್ಲಿನಲ್ಲಿ ಮರದಿಂದ ಬಿದ್ದು ಸತ್ತಾಗ ಕೊನೆಯ ಎರಡು ತಲೆಗಳು ನೆಲದೊಳಗೇ ಉಳಿದವು. ಎಲ್ಲಿ ಹೂತಿದ್ದನೆಂದು ಯಾರಿಗೂ ಹೇಳಿರಲಿಲ್ಲ. ಲಿಬೊರಿಯೊ ಕದ್ದು ಮುಚ್ಚಿ ಎರಡು ವರ್ಷ ಹುಡುಕಿ ಕೈಬಿಟ್ಟ. ಕಾವಲುಗಾರನ ಸಮವಸ್ತ್ರ ತೊಟ್ಟವನು ಅಪ್ಪನ ಕಸುಬನ್ನು ಬಾಯಿಗೆ ತರುವ ಹಾಗಿಲ್ಲ. ಮನೆಯಲ್ಲೂ ಯಾರೂ ಆ ಮಾತೆತ್ತುತ್ತಿರಲಿಲ್ಲ. ಮಾತಾಡದೇ ಇರುವುದರಲ್ಲಿ ಆ ಮನೆಯವರನ್ನು ಮೀರಿಸುವವರಿಲ್ಲ.

ಈಗ ಅದೇ ಬುಗ್ಗೆಯ ಬಳಿ, ಅದೇ ಮುಖ, ಅದೂ ಮಗಳ ಕೈಯಲ್ಲಿ. ಹನ್ನೆರಡು ವರ್ಷ ಆರಾರು ತಿಂಗಳ ಗುತ್ತಿಗೆಯ ಮೇಲೆ ಯಾರ್ಯಾರದೋ ಉತ್ಖನನದಲ್ಲಿ ಮಣ್ಣು ಜರಡಿ ಹಿಡಿದವಳು ನಿನ್ಫಾ. ಮೂವತ್ತನಾಲ್ಕಕ್ಕೆ ಮೊದಲ ಸಲ ತನ್ನದೇ ಹೆಸರಿನಲ್ಲಿ ಅಗೆಯುತ್ತಿದ್ದಳು. ಗುರುವಾರ ಹತ್ತು ಗಂಟೆಗೆ ಪಲೆರ್ಮೊದಿಂದ ಪ್ರೊಫೆಸರುಗಳೂ ಪತ್ರಿಕೆಯವರೂ ಬರುವವರಿದ್ದರು.

ಬುಧವಾರ ಬೆಳಿಗ್ಗೆ ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಗೆಳೆಯ ಮಾಸಿ ಅವನನ್ನು ಹಿಡಿದುಕೊಂಡ. ಇಗರ್ಜಿಯ ಜ್ಞಾನಸ್ನಾನದಲ್ಲಿ ಇಬ್ಬರೂ ಒಬ್ಬರ ಮಕ್ಕಳಿಗೆ ಇನ್ನೊಬ್ಬರು ದೀಕ್ಷಾಪಿತರಾದವರು, ಕರೆದುಕೊಳ್ಳುವುದು 'ಕುಂಪಾ' ಎಂದೇ.

"ಏನ್ ಕುಂಪಾ, ಮಗಳು ದೇವೀನ ಹೊರಗ್ ತೆಗೆದ್ಲು, ನೀನ್ ನೋಡಿದ್ರೆ ಹೆಣ ಹೊತ್ತವನ ತರ ಇದೀಯ!"

"ಹೊಟ್ಟೆ ಸರಿ ಇಲ್ಲ ಮಾರಾಯ."

"ಹೊಟ್ಟೆ ಅಲ್ಲ, ದೃಷ್ಟಿ ತಾಗಿದೆ. ಅಂದ್ಹಾಗೆ ಬುಗ್ಗೆ ಹತ್ರ ತಾನೇ ಸಿಕ್ಕಿದ್ದು? ನಿಮ್ಮಪ್ಪ 'ಆಲೂಗಡ್ಡೆ' ಹಾಕ್ತಿದ್ದ ಜಾಗ?" ಮಾಸಿ ಕಣ್ಣು ಹೊಡೆದ. "ಅಜ್ಜ ಬಿತ್ತಿದ, ಮೊಮ್ಮಗಳು ಕುಯ್ದಳು ಅಂತ ಯಾವನಾದ್ರೂ ಅಂದಾನು, ಹುಷಾರು!"

ಮಾಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನದು ಬರೀ ತಮಾಷೆ. ಆದರೆ ಲಿಬೊರಿಯೊ ತಿರುಗಿ ಬುಗ್ಗೆಯ ಕಡೆ ನೋಡಿದ. ಮಾಸಿ ನಗುತ್ತ ಹೇಳಿದ್ದನ್ನೇ ನಾಳೆ ಪತ್ರಿಕೆಯವರು ನಗದೆ ಬರೆಯುತ್ತಾರೆ. ಅಜ್ಜನ ನಕಲಿ ತಲೆಯನ್ನು ತಾನೇ ಹೂತು ತಾನೇ ತೆಗೆದಳು ಎನ್ನುತ್ತಾರೆ. ಆಮೇಲೆ ಯಾವ ಗುಂಡಿಯ ಹತ್ತಿರಕ್ಕೂ ಅವಳನ್ನು ಬಿಟ್ಟುಕೊಳ್ಳುವುದಿಲ್ಲ.

ಮಗಳಿಗೆ ಹೇಳಿಬಿಡಬಹುದಿತ್ತು. ಹೇಳುವುದಾದರೂ ಹೇಗೆ? ನಿನ್ನಜ್ಜ ವಂಚಕ, ನಿನ್ನ ಸಂತೋಷ ಸುಳ್ಳು ಎಂದೇ? ಹೇಳಿದರೆ ಅವಳು ತಾನೇ ಎದ್ದುನಿಂತು ಎಲ್ಲರೆದುರು ಒಪ್ಪಿಕೊಳ್ಳುವವಳು, ಅಷ್ಟು ನೆಟ್ಟಗಿನ ಹುಡುಗಿ. ಅದಕ್ಕಿಂತ ತಲೆ ಒಡೆದುಹೋಗಲಿ. ಒಡೆದ ತಲೆಗಾಗಿ ಮಗಳು ಒಂದು ತಿಂಗಳು ಅಳಬಹುದು, ಬಯಲಾದ ತಲೆಗಾಗಿ ಜೀವಮಾನವಿಡೀ ಅಳಬೇಕಾಗುತ್ತದೆ. ನಕಲಿ ಒಡೆದರೆ ಯಾರಿಗೇನು ನಷ್ಟ?

ಮಧ್ಯಾಹ್ನ ಮನೆಗೆ ಬಂದಾಗ ಅಡುಗೆಮನೆ ತುಂಬ ಹಳದಿ ಸೇಬಿನಂಥ ಕೊತೊನ್ಯಾ ಹಣ್ಣಿನ ಘಮ. ಎಂಬತ್ತಮೂರರ ತಾಯಿ ಕ್ರೊಚಿಫಿಸ್ಸಾ ಪ್ರತಿ ಅಕ್ಟೋಬರಿನ ಹಾಗೆ ಹಣ್ಣು ಬೇಯಿಸಿ ಅರೆದು, ಸಕ್ಕರೆ ಹಾಕಿ ಹಲ್ವ ಕಾಯಿಸುತ್ತಿದ್ದಳು. ಊರಿನ ಉಳಿದವರ ಮನೆಯಲ್ಲಿ ಈ ಹಲ್ವವನ್ನು ಹೂವಿನ, ಮೀನಿನ ಅಚ್ಚುಗಳಿಗೆ ಸುರಿಯುತ್ತಾರೆ. ಇವಳು ಸುರಿಯುವುದು ಗಂಡನ ಹಳೆಯ ಅಚ್ಚಿಗೆ, ದೇವಿಯ ಮುಖದ ಆ ಮಣ್ಣಿನ ಅಚ್ಚಿಗೆ. ಹೆಂಡತಿಯ ಮುಖ ನೋಡಿಯೇ ಅದನ್ನು ಕೆತ್ತಿದ್ದೆಂದು ಗಾಂಡೊಲ್ಫೊ ಊರೆಲ್ಲ ಹೇಳಿಕೊಂಡಿದ್ದ.

"ಅಜ್ಜೀ, ಈ ವರ್ಷ ಅದಕ್ಕೆ ಹಾಕ್ಬೇಡ, ಪ್ಲೀಸ್. ಬೇರೆ ಪಾತ್ರೆ ಕೊಡ್ತೀನಿ," ಎಂದಳು ನಿನ್ಫಾ.

"ಯಾಕೆ, ನಿನ್ ದೇವಿಗೆ ಸಿಹಿ ಆಗಲ್ವಾ? ಅರವತ್ತು ವರ್ಷದಿಂದ ಹಾಕ್ತಿದೀನಿ, ಇವತ್ತು ನೀನ್ ಬಂದ್ಯಾ ಹೇಳೋಕೆ! ಸರಿ ಹೋಗು, ಪಾಸ್ತಾ ತಣ್ಣಗಾಗ್ತಿದೆ."

ನಿನ್ಫಾ ನಕ್ಕಳು. ಅಪ್ಪನ ತಟ್ಟೆಗೆ ಸಾರ್ಡೀನು ಮೀನು ಬಡಿಸುತ್ತ, "ಅಪ್ಪಾ, ನಾಳೆ ನೀನು ಇಸ್ತ್ರಿ ಮಾಡಿದ್ ಅಂಗಿ ಹಾಕ್ಕೊಂಡ್ ಮುಂದಿನ್ ಸಾಲಲ್ಲಿ ಕೂತ್ಕೋಬೇಕು. ಒಂದ್ ವಿಷ್ಯ ಹೇಳೋದಿದೆ, ನಾಳೇನೇ ಹೇಳ್ತೀನಿ," ಎಂದಳು.

"ಏನ್ ವಿಷ್ಯ?"

"ನಾಳೆ ಅಂದ್ನಲ್ಲ. ನಿಂದೇನೋ ಇದೆ ಅನ್ಸುತ್ತೆ, ಹೇಳು."

"ಏನಿಲ್ಲ. ಉಪ್ಪು ಕೊಡು," ಎಂದ ಲಿಬೊರಿಯೊ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಾಲಾ ತಿಂಪಾದಲ್ಲಿ ನಾಯಿಗಳೂ ಮಲಗಿರುತ್ತವೆ. ಉತ್ಖನನದ ಸಾಮಾನಿಡುವ ಕೋಣೆಯ ಬೀಗದ ಕೈ ಹೇಗೂ ಅವನ ಸೊಂಟದಲ್ಲೇ ಇತ್ತು. ಕಿಟಕಿಯನ್ನು ಗೇಣಷ್ಟು ತೆರೆದಿಟ್ಟ. ಗುಡಿಯ ಬೆಕ್ಕುಗಳು ಎಲ್ಲೆಂದರಲ್ಲಿ ನುಗ್ಗುವುದು ಎಲ್ಲರಿಗೂ ಗೊತ್ತು, ತಪ್ಪು ಅವುಗಳ ತಲೆಗೆ ಹೋಗುತ್ತದೆ. ಮೇಜಿನ ಮೇಲೆ ಹತ್ತಿಯ ಹಾಸಿನಲ್ಲಿ ದೇವಿ ಮಲಗಿದ್ದಳು. ಕೆನ್ನೆಯಲ್ಲಿ ಚೂರು ಗುಲಾಬಿ ಬಣ್ಣ ಇನ್ನೂ ಉಳಿದಿತ್ತು. 'ಅಪ್ಪಾ, ಎಷ್ಟು ಚೆನ್ನಾಗಿ ಮಾಡಿದ್ದೆ ಮಾರಾಯ,' ಎಂದುಕೊಂಡ. ಎದೆಯುದ್ದಕ್ಕೆ ಎತ್ತಿ, ಕಣ್ಣು ಮುಚ್ಚಿ, ಕಲ್ಲಿನ ನೆಲಕ್ಕೆ ಬಿಟ್ಟ.

ಮೂರು ಹೋಳಾಯಿತು. ಅಷ್ಟಕ್ಕೇ ಬಿಟ್ಟು ಬರಬಹುದಿತ್ತು. ಆದರೆ ಅವರೆಕಾಳಿನ ಗೂಡು ಕಂಡುಬಿಟ್ಟರೆ ಮಗಳಿಗೆ ಎಲ್ಲವೂ ತಿಳಿಯುತ್ತದೆ, ಅದೊಂದನ್ನು ಅಳಿಸಬೇಕು. ಕತ್ತಿನ ಹೋಳು ಎತ್ತಿ ಬೆಳಕಿಗೆ ಹಿಡಿದ. ಗೂಡು ಕಾಣಲಿಲ್ಲ. ಇನ್ನೂ ಒಳಗಿರಬೇಕೆಂದು ಕಲ್ಲಿನಿಂದ ಕುಟ್ಟಿ ಎರಡು ಮಾಡಿದ. ಎರಡರಲ್ಲೂ ಇಲ್ಲ. ನಾಲ್ಕು ಮಾಡಿದ. ಅಪ್ಪ ಯಾವಾಗಲೂ ಎಡಕಿವಿಯ ಕೆಳಗೇ ಒತ್ತುತ್ತಿದ್ದ. ಎಡಗಡೆಯ ಚೂರು, ಬಲಗಡೆಯ ಚೂರು, ಗಲ್ಲದ ಕೆಳಗಿನದು, ಎಲ್ಲ ಕುಟ್ಟಿದ. ಒಮ್ಮೆ ಹಣೆಯ ಕಡೆ ಒತ್ತಿರಬಹುದೇ ಎಂದುಕೊಂಡು ಹಣೆಯನ್ನೂ ಒಡೆದ. ಕೆನ್ನೆ ಒಡೆದ. ಮಂಡಿಯೂರಿ ನೆಲದ ಮೇಲೆಲ್ಲ ತಡಕಾಡುತ್ತ, "ಎಲ್ಲಿಟ್ಟಿದ್ದೀಯ, ಅಪ್ಪಾ, ಎಲ್ಲಿಟ್ಟಿದ್ದೀಯ," ಎಂದು ಜೋರಾಗಿಯೇ ಕೇಳಿದ. ಅಡಿಕೆಗಿಂತ ದೊಡ್ಡ ಚೂರು ಒಂದೂ ಉಳಿಯಲಿಲ್ಲ. ಅವರೆಕಾಳಿನ ಗೂಡು ಎಲ್ಲೂ ಇರಲಿಲ್ಲ.

ಒಂದು ಚೂರಿನ ಒಳಮೈಯಲ್ಲಿ ಮಾತ್ರ ಹಸಿಮಣ್ಣಿಗೆ ಒತ್ತಿದ ಬೆರಳಿನ ಗುರುತು ಕಂಡಿತು. ಚಿಕ್ಕ ಬೆರಳು, ಹೆಂಗಸಿನದಿರಬೇಕು. ಅವನಪ್ಪನ ಬೆರಳುಗಳು ಸೌದೆಯಷ್ಟು ದಪ್ಪ.

ಇದು ಅಪ್ಪನದಲ್ಲ, ನಿಜವಾಗಿಯೂ ಗ್ರೀಕರ ಕಾಲದ್ದೇ ಎಂದು ಲಿಬೊರಿಯೊಗೆ ಆಗ ಅರ್ಥವಾಯಿತು. ಕಲ್ಲನ್ನು ಪಕ್ಕಕ್ಕಿಟ್ಟು ನೆಲದ ಮೇಲೇ ಕೂತ.

ನಿನ್ಫಾ ಬಾಗಿಲು ತೆರೆದಾಗ ಅವನು ಹಾಗೇ ಕೂತಿದ್ದ, ಅಂಗೈ ತುಂಬ ಕೆಂಪು ಪುಡಿ, ಪಕ್ಕದಲ್ಲಿ ಕಲ್ಲು. ಅವಳು ಮೇಜನ್ನು ನೋಡಿದಳು, ನೆಲವನ್ನು ನೋಡಿದಳು, ಅಪ್ಪನ ಕೈ ನೋಡಿದಳು.

"ನಿಮ್ಮಜ್ಜನದು ಅಂದ್ಕೊಂಡೆ," ಎಂದ ಅವನು. "ಹೂತಿಟ್ಟದ್ದು ಎರಡು ಉಳಿದಿತ್ತು. ಜನ ನಿನ್ನ... ನಿನ್ನ ಹೆಸ್ರು ಹಾಳಾಗ್ಬಾರ್ದು ಅಂತ..."

ನಿನ್ಫಾ ಬಗ್ಗಿ ಮೇಜಿನಡಿಯಿಂದ ಒಂದು ಮರದ ಪೆಟ್ಟಿಗೆ ಎಳೆದಳು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ 'ಅಜ್ಜ' ಎಂದು ಬರೆದಿತ್ತು. ಒಳಗೆ ಎರಡು ತಲೆಗಳು, ಅದೇ ನಗು, ಅದೇ ಹುಬ್ಬಿನ ಗೆರೆ, ಎರಡರದೂ ಕತ್ತು ಮುರಿದಿತ್ತು. ಮುರಿದ ಕಡೆ ಅವರೆಕಾಳಿನಷ್ಟು ಗೂಡು ಸ್ಪಷ್ಟವಾಗಿ ಕಾಣುತ್ತಿತ್ತು.

"ಆಗಸ್ಟಲ್ಲೇ ಸಿಕ್ಕಿದ್ವು. ಈ ಕಾಳು ಒತ್ತಿದ್ದು ನಾನೇ, ಅಪ್ಪಾ. ಏಳು ವರ್ಷ ನಂಗೆ, ಅಜ್ಜ ತೊಡೆ ಮೇಲೆ ಕೂರಿಸ್ಕೊಂಡು ಒತ್ತಿಸಿದ್ದ. ನಿಂಗೆ ನಾಚಿಕೆ ಆಗುತ್ತೆ ಅಂತ ಯಾರಿಗೂ ಹೇಳ್ದೆ ಇಟ್ಟಿದ್ದೆ." ಅವಳ ದನಿ ಆಗ ಒಡೆಯಿತು. "ಎಷ್ಟು ಆಳದಲ್ಲಿ ಸಿಕ್ತು ಅಂತಾದ್ರೂ ಕೇಳ್ಬಾರ್ದಿತ್ತಾ? ಅಜ್ಜ ಅಗೀತಿದ್ದಿದ್ದು ಮೊಣಕಾಲುದ್ದ. ಇದು ಆಳುದ್ದದ ಕೆಳಗಿತ್ತು. ಯಾರೂ ಮುಟ್ಟದ ಮಣ್ಣು!"

"ಆದ್ರೆ ಆ ಗೆರೆ, ಹುಬ್ಬಿನ ಮೇಲೆ..."

"ಅಚ್ಚಲ್ಲಿರೋ ಬಿರುಕು ಅದು. ಅಜ್ಜಿ ಹಲ್ವ ಸುರಿಯೋ ಅಚ್ಚೇ ಗ್ರೀಕರದು. ಅದರ ಅಂಚಿನ ಒಂದ್ ಚೂರು ಪರೀಕ್ಷೆಗೆ ಕಳಿಸಿದ್ದೆ, ಹೋದ ವಾರ ಉತ್ತರ ಬಂತು. ಈ ತಲೇನೂ ಅದೇ ಅಚ್ಚಲ್ಲಿ ಹುಟ್ಟಿದ್ದು. ಅಚ್ಚು ಮತ್ತು ಅದರ ತಲೆ ಎರಡೂ ಒಟ್ಟಿಗೆ ಸಿಕ್ಕಿರೋದು ನಾನು ಎಲ್ಲೂ ಕೇಳಿಲ್ಲ. ನಾಳೆ ಅದನ್ನೇ ಹೇಳೋಳಿದ್ದೆ. ಅಜ್ಜನ ಹೆಸ್ರು ಹೇಳಿ, ನಿನ್ನ ಎದ್ದು ನಿಲ್ಸಿ..." ಅವಳು ಮುಂದೆ ಹೇಳಲಾರದೆ ನೆಲಕ್ಕೆ ಕೂತು, ಒಂದೊಂದೇ ಚೂರನ್ನು ಹತ್ತಿಯ ಮೇಲೆ ಆರಿಸಿಡತೊಡಗಿದಳು. ಲಿಬೊರಿಯೊ ಸಹಾಯಕ್ಕೆ ಕೈ ಚಾಚಿದ.

"ಮುಟ್ಬೇಡ," ಎಂದಳು.

ಸಂಜೆ ಇಬ್ಬರೂ ಮನೆಗೆ ನಡೆದು ಬಂದರು. ಕ್ರೊಚಿಫಿಸ್ಸಾ ಅಡುಗೆಮನೆಯಲ್ಲಿ ಅಚ್ಚನ್ನು ಬಿಳಿ ತಟ್ಟೆಯ ಮೇಲೆ ಮಗುಚಿ, ಬೆನ್ನಿಗೆ ಎರಡು ಏಟು ತಟ್ಟಿ ಎತ್ತಿದಳು. ಜೇನುಬಣ್ಣದ ಮುಖ ತಟ್ಟೆಯ ಮೇಲೆ ನಡುಗಿ ನಿಂತಿತು. ಅರೆನಗು, ಉಬ್ಬಿದ ರೆಪ್ಪೆ, ಎಡಹುಬ್ಬಿನ ಮೇಲೆ ಓರೆ ಗೆರೆ.

"ಅಮ್ಮಾ," ಎಂದ ಲಿಬೊರಿಯೊ, ಬಾಗಿಲಲ್ಲೇ ನಿಂತು. "ಆ ಅಚ್ಚನ್ನ ಅಪ್ಪ ಮಾಡಿದ್ದಾ?"

ಮುದುಕಿ ತಿರುಗಿ ನೋಡಲೂ ಇಲ್ಲ, ಚಾಕು ಒರೆಸುತ್ತಿದ್ದಳು. "ಅವನೆಲ್ಲಿ ಮಾಡ್ತಾನೆ? ಒಂದು ಮೂಗು ಸರಿಯಾಗಿ ಮಾಡೋಕೆ ಬರ್ತಿರ್ಲಿಲ್ಲ ಅವನಿಗೆ. ನಮ್ಮ ಮದುವೆ ವರ್ಷ ಬುಗ್ಗೆ ಹತ್ರ ಉಳೋವಾಗ ನೇಗಿಲಿಗೆ ಸಿಕ್ತು. ನನ್ ಮುಖ ಅಂತೆ! ಈ ಚೆಂದ ಯಾವತ್ತಿತ್ತಪ್ಪ ನಂಗೆ?"

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು."

"ಮತ್ತೆ ಯಾಕೆ ಒಂದ್ ದಿನಾನೂ ಹೇಳ್ಲಿಲ್ಲ?"

"ನೀನ್ ಒಂದ್ ದಿನಾನೂ ಕೇಳ್ಲಿಲ್ವಲ್ಲೋ," ಎಂದಳು ಕ್ರೊಚಿಫಿಸ್ಸಾ. ಹಣೆಯ ಕಡೆಯಿಂದ ಒಂದು ಹೋಳು ಕೊಯ್ದು ಚಾಕುವಿನ ತುದಿಯಲ್ಲೇ ಮಗನ ಮುಂದೆ ಹಿಡಿದಳು. "ತಗೋ, ತಿನ್ನು. ಮಧ್ಯಾಹ್ನ ಉಪ್ಪು ಕೇಳಿದ್ದು ಬಿಟ್ರೆ ಬಾಯೇ ಬಿಟ್ಟಿಲ್ಲ ನೀನು."